108 ಕೇಜಿ ಆಳು, 200 ಸಿಸಿ ಗಾಡಿ: ಎರಡು ವರ್ಷ ಓಡಿಸಿದ್ಮೇಲೆ ಬರೀತಿರೋದು

ಕೋಲಾರ ಎಪಿಎಂಸಿಯಲ್ಲಿ ಒಂದು ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರಿಯೋನು ನಾನು, ಅದಕ್ಕೆ ತೂಕದ ವಿಷ್ಯದಲ್ಲಿ ಸುಳ್ಳು ಹೇಳೋ ಚಾನ್ಸೇ ಇಲ್ಲ, ಮಂಡಿ ಕಾಟಾ ಮೇಲೆ ನಿಂತ್ಕೊಂಡೇ ನೋಡಿದೀನಿ. ಬರೀ ಮೈ 108 ಕೇಜಿ. ಹೆಲ್ಮೆಟ್ಟು, ಬೂಟು, ಜಾಕೆಟ್ಟು, ಮಂಡಿ ಗಾರ್ಡು (ಇದು ಕಾಲಿನ ಮಂಡಿ) ಎಲ್ಲ ಹಾಕ್ಕೊಂಡ್ರೆ 115. ಹೈಟು ಐದಡಿ ಹನ್ನೊಂದಿಂಚು. ಇದನ್ನ ಮೊದ್ಲೇ ಯಾಕ್ ಹೇಳ್ತಿದೀನಿ ಅಂದ್ರೆ ಗಾಡಿ ರಿವ್ಯೂ ಮಾಡೋ ಹುಡುಗ್ರೆಲ್ಲ ಜೋರಾಗ್ ಗಾಳಿ ಬಂದ್ರೆ ಹಾರ್ಕೊಂಡು ಹೋಗೋ ತರ ಇರ್ತಾರೆ, ಅವ್ರು "ಸಸ್ಪೆನ್ಷನ್ ಬೆಣ್ಣೆ ಬೆಣ್ಣೆ" ಅಂದಿದ್ದು ನಮ್ಮಂಥೋರ ಬೆನ್ನಿಗೆ ಏನಾಗ್ತೈತೆ ಅಂತ ಯಾರೂ ಹೇಳಲ್ಲ.

ನಾನು ಓಡಿಸ್ತಿರೋದು ಹೀರೋ ಎಕ್ಸ್‌ಪಲ್ಸ್ 200 4ವಿ, ರೋಡಿಗೂ ಮಣ್ಣಿಗೂ ಆಗೋ ಬೈಕು. ತಗೊಂಡಿದ್ದು 2023ರಲ್ಲಿ. ದಿನಾ ಮಂಡಿಗೆ ಇದ್ರಲ್ಲೇ, ಭಾನುವಾರ ಅಂತರಗಂಗೆ ಬೆಟ್ಟದ ಹಿಂದ್ಗಡೆ ತೇರಹಳ್ಳಿ ಕಡೆ, ಇಲ್ಲಾಂದ್ರೆ ನೀಲಗಿರಿ ತೋಪುಗಳ ಮಣ್ಣು ರೋಡು, ಕಲ್ಲು ಬಂಡೆ. ಮುಂಚೆ ಕೆರೆ ಅಂಗಳದಲ್ಲಿ ಓಡಿಸ್ತಿದ್ವಿ, ಆದ್ರೆ 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ಕಳ್ಸೋದು) ಬಿಟ್ಟ ಮೇಲೆ ಕೆರೆಗಳು ಒಂದೊಂದಾಗಿ ತುಂಬ್ಕೊಂಡ್ವು, ನಮಗೆ ಗ್ರೌಂಡು ಹೋಯ್ತು, ಬೋರ್‌ವೆಲ್ಲಿಗೆ ನೀರು ಬಂತು, ಬೇಜಾರು ಮಾಡ್ಕೊಳೋಕೂ ಆಗಲ್ಲ. ಕೆಜಿಎಫ್ ಸೈನೇಡ್ ದಿಬ್ಬದಲ್ಲಿ (ಚಿನ್ನ ತೆಗೆದು ಉಳಿದ ಮಣ್ಣಿನ ಗುಡ್ಡೆ) ಓಡಿಸ್ಬೋದಲ್ಲಾ ಅಂತ ತುಂಬಾ ಜನ ಕೇಳ್ತಾರೆ. ಬೇಡ ಗುರು. ಅದು ಚಿನ್ನದ ಗಣಿ ಕಂಪನಿ ಬಿಜಿಎಂಎಲ್ ಜಾಗ, ಆ ಬೂದಿ ತರದ ಧೂಳು ಶ್ವಾಸಕ್ಕೆ ಹೋಗೋದು ಒಳ್ಳೇದಲ್ಲ, ಅಲ್ಲೇ ಹುಟ್ಟಿ ಬೆಳೆದೋರು ಗಾಳಿ ಬೀಸಿದಾಗ ಕಿಟಕಿ ಹಾಕ್ಕೊಂಡು ಕೂರ್ತಾರೆ.

ಈಗ ಮೇನ್ ವಿಷ್ಯ. ದಪ್ಪ ಇರೋರು ಎಷ್ಟು ಸಿಸಿ ಗಾಡಿ ತಗೋಬೇಕು?

ಮಂಡಿ ಲೆಕ್ಕದಲ್ಲೇ ಹೇಳ್ತೀನಿ. ನಮ್ಮಲ್ಲಿ ಒಂದು ಬಾಕ್ಸ್ ಟೊಮ್ಯಾಟೊ 15 ಕೇಜಿ. 65 ಕೇಜಿ ಹುಡುಗ ಗೇರ್ ಎಲ್ಲ ಹಾಕ್ಕೊಂಡ್ರೆ 72. ನಾನು 115. ವ್ಯತ್ಯಾಸ 43, ಅಂದ್ರೆ ಹತ್ತಿರ ಹತ್ತಿರ ಮೂರು ಬಾಕ್ಸು. ಆ ಹುಡುಗನ ಬೆನ್ನಿಗೆ ಮೂರು ಬಾಕ್ಸ್ ಟೊಮ್ಯಾಟೊ ಕಟ್ಟಿ ಬೆಟ್ಟ ಹತ್ತಿಸು ಅಂದ್ರೆ ಹೆಂಗಿರ್ತೈತೋ ನಮಗೆ ದಿನಾ ಹಂಗೇ. ಎಕ್ಸ್‌ಪಲ್ಸ್ 4ವಿ ತೂಕ 158 ಕೇಜಿ, ಪವರ್ 19.1 ಪಿಎಸ್ (ಇಂಜಿನ್ನಿನ ಕುದುರೆ ಶಕ್ತಿ ಲೆಕ್ಕ). ಆ ಹುಡುಗ ಕೂತ್ರೆ ಒಟ್ಟು 230 ಕೇಜಿ, ಟನ್ನಿಗೆ ಲೆಕ್ಕ ಹಾಕಿದ್ರೆ 83 ಪಿಎಸ್. ನಾನು ಕೂತ್ರೆ 273 ಕೇಜಿ, 70 ಪಿಎಸ್. ಅದೇ ಗಾಡಿ, ಅದೇ ಇಂಜಿನ್ನು, ನಾನ್ ಕೂತ ತಕ್ಷಣ ಪವರ್‌ನಲ್ಲಿ ಆರರಲ್ಲೊಂದು ಪಾಲು ಹೋದಂಗೆ. ಹಿಂದೆ ನನ್ನತ್ರ ಹೀರೋ ಇಂಪಲ್ಸ್ ಇತ್ತು, 2011ರಲ್ಲಿ ಬಂದ 150 ಸಿಸಿದು, ನಾನಾಗ 90 ಕೇಜಿ ಇದ್ದೆ, ಚೆನ್ನಾಗೇ ಹೋಗ್ತಿತ್ತು. ಈಗಿನ ನನ್ನ ತೂಕಕ್ಕೆ ಅದನ್ನ ಲೆಕ್ಕ ಹಾಕಿದ್ರೆ ಟನ್ನಿಗೆ 53 ಬರ್ತೈತೆ. ಏರಿನಲ್ಲಿ ಇಳ್ದು ತಳ್ಳೋದೇ ವಾಸಿ. 150 ಸಿಸಿ ನಮಗಲ್ಲ, ಅದ್ರಲ್ಲಿ ಅನುಮಾನ ಇಲ್ಲ.

ಹಂಗಾದ್ರೆ ದೊಡ್ಡ ಸಿಸಿ ತಗೊಂಡ್ರೆ ಮುಗೀತಲ್ಲಾ ಅಂತ ನಾನೂ ಅಂದ್ಕೊಂಡಿದ್ದೆ. ಗಾಡಿ ನೋಡೋಕೆ ಒಂದು ಶೋರೂಮಿಗೆ ಹೋದೆ, ಯಾವ್ದು ಅಂತ ಬೇಡ ಬಿಡಿ, ಒಳಗೆ ಕಾಲಿಡ್ತಿದ್ದಂಗೇ ಅಲ್ಲಿದ್ದ ಹುಡುಗ ನನ್ನ ಮೇಲಿಂದ ಕೆಳಗೆ ನೋಡಿ "ಸಾರ್ ನಿಮ್ ಪರ್ಸನಾಲಿಟಿಗೆ 400 ಮೇಲೇ ಬೇಕು, ಇದೆಲ್ಲ ನಿಮಗೆ ಸೈಕಲ್ ತರ ಆಗ್ತೈತೆ" ಅಂದ. ನಾನೆಲ್ಲಿ ಓಡಿಸ್ತೀನಿ, ಮುಂಚೆ ಏನ್ ಓಡಿಸಿದೀನಿ, ಒಂದು ಮಾತು ಕೇಳ್ಲಿಲ್ಲ. ಬಟ್ಟೆ ಅಂಗಡಿಯಲ್ಲಿ ಎಕ್ಸ್ಎಲ್ ಡಬಲ್ ಎಕ್ಸ್ಎಲ್ ಕೊಡ್ತಾರಲ್ಲ, ಹಂಗೆ ಸಿಸಿ ಕೊಡ್ತಾರೆ ಇವ್ರು.

ಸರಿ ಅಂತ ಫ್ರೆಂಡ್ ಒಬ್ಬ ಹಿಮಾಲಯನ್ 450 ತಗೊಂಡಾಗ ಅದನ್ನೂ ಒಂದಿನ ಇಸ್ಕೊಂಡೆ, ಅಷ್ಟೊತ್ತಿಗೆ ನನ್ನ ಗಾಡಿ ಬಂದು ಕೆಲವು ತಿಂಗಳಾಗಿತ್ತು. ಗಾಡಿ ಬಗ್ಗೆ ಒಂದು ಕೆಟ್ಟ ಮಾತಿಲ್ಲ. 452 ಸಿಸಿ, 40 ಪಿಎಸ್, 40 ಎನ್‌ಎಂ ಟಾರ್ಕು (ಎಳೆಯೋ ಬಲ), ನಾನು ಕೂತ ಮೇಲೂ ಟನ್ನಿಗೆ 130ರ ಹತ್ತಿರ. ಹೈವೇನಲ್ಲಿ ನನ್ನ ತೂಕ ಅದಕ್ಕೆ ಗೊತ್ತೇ ಆಗ್ಲಿಲ್ಲ. ತೇರಹಳ್ಳಿ ಹತ್ರ ಮಣ್ಣಿಗೆ ಇಳಿಸಿದೆ, ನೀರು ಕೊಚ್ಚಿರೋ ಒಂದು ಕೊರಕಲಲ್ಲಿ ಸ್ಪೀಡೇ ಇಲ್ಲ, ನಡೆಯೋ ಸ್ಪೀಡು, ಮುಂದಿನ ಚಕ್ರ ಜಾರ್ತು, ಕಾಲು ಕೊಟ್ಟೆ, ನಿಲ್ಲಲಿಲ್ಲ. ಮಲಗ್ತು. 196 ಕೇಜಿ ಗಾಡಿ. ಒಂದ್ಸಲ ಎತ್ತಿದೆ. ಎರಡನೇ ಸಲ ಬಿದ್ದಾಗ್ಲೂ ಎತ್ತಿದೆ, ಕಣ್ಣು ಕತ್ತಲೆ ಬಂತು. ಮೂರನೇ ಸಲ ಅಲ್ಲೇ ಬಂಡೆ ಮೇಲೆ ಕೂತ್ಕೊಂಡು ಕುರಿ ಮೇಯಿಸೋ ತಾತನ್ನ ಕರೆದೆ, ಅವ್ರು ಬಂದು ನೋಡಿ "ಏನಪ್ಪಾ ಇಷ್ಟ್ ದಪ್ಪ ಇದ್ಕೊಂಡು ಒಂದು ಗಾಡಿ ಎತ್ತೋಕಾಗಲ್ವಾ" ಅಂದ್ರು.

ಆ ತಾತನ ಮಾತೇ ಈ ರಿವ್ಯೂನ ಅರ್ಧ. ದಪ್ಪ ಇದ್ರೆ ಶಕ್ತಿ ಇರ್ತೈತೆ ಅಂತೇನಿಲ್ಲ. ನಾವು ಬೀಳೋದು ಜಾಸ್ತಿ, ಎತ್ತುವಾಗ ನಮ್ಮ ಮೈಯನ್ನೂ ಸೇರಿಸಿ ಎತ್ಬೇಕು, ದಮ್ಮು ಬೇಗ ಹೋಗ್ತೈತೆ. ಹೈವೇನಲ್ಲಿ ಇಂಜಿನ್ನು ನಿಮ್ಮ ತೂಕ ಹೊತ್ಕೊಂಡು ಹೋಗ್ತೈತೆ ನಿಜ, ಆದ್ರೆ ಕಲ್ಲು ಮಣ್ಣಲ್ಲಿ ಗಾಡಿ ತೂಕ ಹೊರೋದು ನೀವು.

ಇನ್ನೊಂದು ತಪ್ಪು ತಿಳುವಳಿಕೆ, ಸಿಸಿ ಜಾಸ್ತಿ ಅಂದ್ರೆ ಪವರ್ ಜಾಸ್ತಿ ಅನ್ನೋದು. ಕವಾಸಾಕಿಯ ಕೆಎಲ್‌ಎಕ್ಸ್ 230, 233 ಸಿಸಿ, 139 ಕೇಜಿ, ಪವರ್ 19ರ ಒಳಗೇ. ಅದೇ ಕಂಪನಿಯ ರೇಸ್ ಗಾಡಿ ಕೆಎಕ್ಸ್ 250, ಸಿಸಿ ಹತ್ತಿರ ಹತ್ತಿರ ಅಷ್ಟೇ, ಪವರ್ ಮಾತ್ರ ಅದರ ಡಬಲ್ಲು. ಆ ರೇಸ್ ಗಾಡಿಗಳಿಗೆ ರಿಜಿಸ್ಟ್ರೇಷನ್ ಇಲ್ಲ, ರೋಡಿಗೆ ತರೋಕಾಗಲ್ಲ, ಪಿಕಪ್ ಗಾಡಿಯಲ್ಲಿ ಹಾಕ್ಕೊಂಡು ಟ್ರ್ಯಾಕಿಗೆ ಹೋಗ್ಬೇಕು, ಇಂಜಿನ್ ಸರ್ವಿಸ್ ಕಿಲೋಮೀಟರ್ ಲೆಕ್ಕ ಅಲ್ಲ ಗಂಟೆ ಲೆಕ್ಕ, ಪಿಸ್ಟನ್ನೂ ಗಂಟೆ ಲೆಕ್ಕದಲ್ಲೇ ಬದಲಾಯಿಸ್ಬೇಕು. ಹೊರದೇಶದಲ್ಲಿ ದಪ್ಪ ಇರೋರಿಗೆ 450 ತಗೋ ಅಂತಾರಲ್ಲ, ಅದು ಈ ತರ ನೂರು ಚಿಲ್ಲರೆ ಕೇಜಿಯ ಮೋಟೋಕ್ರಾಸ್ ಗಾಡಿಗೆ ಹೇಳೋ ಮಾತು. ಅದನ್ನ ತಗೊಂಡ್ ಬಂದು ನಮ್ಮ 196 ಕೇಜಿ ಟೂರಿಂಗ್ ಗಾಡಿಗೆ ಅಂಟಿಸ್ಬೇಡಿ. ಅಲ್ಲೂ ಕೂಡ ಹೊಸಬರಿಗೆ ತೂಕ ಎಷ್ಟೇ ಇರ್ಲಿ 450 ರೇಸ್ ಗಾಡಿ ಬೇಡ ಅಂತಾನೇ ಹೇಳೋದು, ಆಕ್ಸಿಲೇಟರ್ ಸ್ವಲ್ಪ ಮುಟ್ಟಿದ್ರೆ ಕೈಯಿಂದ ಕಿತ್ಕೊಂಡು ಹೋಗ್ತೈತೆ.

ಸರಿ, ನನ್ನ ಎಕ್ಸ್‌ಪಲ್ಸ್ ಕಥೆ. ಮೊದಲ ಆರು ತಿಂಗಳು ನಿಜವಾಗ್ಲೂ ಬೇಜಾರಾಗಿತ್ತು. ಸಣ್ಣ ಹಳ್ಳಕ್ಕೂ ಹಿಂದಿನ ಶಾಕ್ ಅಬ್ಸಾರ್ಬರ್ರು ತಳ ಮುಟ್ಟಿ ಢಣ್ ಅಂತ ಬೆನ್ನಿಗೆ ಹೊಡೆಯೋದು. ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದ್ರೆ ಮುಂದಿನ ಚಕ್ರ ಹಿಡ್ಕೊಳ್ದೆ ನೇರ ಹೋಗೋದು. ಏರು ಹತ್ತುವಾಗ ಮುಂದೆ ಹಗುರ, ಚಕ್ರ ಎದ್ದೇ ಬಿಡೋದು. ರಾತ್ರಿ ಹೆಡ್‌ಲೈಟು ರೋಡಿಗೆ ಬೀಳೋ ಬದ್ಲು ಹುಣಸೆ ಮರದ ತುದಿಗೆ ಬೀಳೋದು, ಎದುರಿಗೆ ಬರೋರೆಲ್ಲ ಬೈಯ್ಯೋರು. ನಾನು ಇದನ್ನೆಲ್ಲ ಇಂಜಿನ್ ಸಣ್ಣದಾಯ್ತು ಅಂತಾನೇ ಅಂದ್ಕೊಂಡಿದ್ದೆ. ಮಾರಿ ದೊಡ್ಡದು ತಗೋಳೋಣ ಅಂತ ಹೆಂಡ್ತಿ ಹತ್ರ ಮಾತು ತೆಗೆದೆ, "ರೀ, ಗಾಡಿ ಬದ್ಲಾಯಿಸೋ ಬದ್ಲು ರಾತ್ರಿ ಅನ್ನ ಬದ್ಲಾಯಿಸಿ" ಅಂದ್ಳು.

ಮುಳಬಾಗಿಲಲ್ಲಿ ಒಬ್ಬ ಮೆಕಾನಿಕ್ ಅವ್ನೆ, ಬೋರ್ಡು ಗೀರ್ಡು ಏನಿಲ್ಲ, ಆಂಧ್ರ ಕಡೆಯೋನು, ರ‍್ಯಾಲಿ ಗಾಡಿಗಳ ಕೆಲ್ಸ ಮಾಡಿ ಕೈ ಪಳಗಿರೋನು. ಅವನ ಮುಂದೆ ಗಾಡಿ ನಿಲ್ಸಿ ಹಿಂಗಿಂಗೆ ಅಂದೆ. ಅವ್ನು ಇಂಜಿನ್ ಕಡೆ ತಿರುಗಿ ನೋಡ್ಲೇ ಇಲ್ಲ, ನನ್ನ ಒಂದ್ಸಲ ಸೀಟ್ ಮೇಲೆ ಕೂರ್ಸಿ ನೋಡಿ "ಇಂಜನ್ ಕಾದನ್ನಾ, ಸ್ಪ್ರಿಂಗು" ಅಂದ, ಇಂಜಿನ್ ಅಲ್ಲಣ್ಣಾ ಸ್ಪ್ರಿಂಗು ಅಂತ ತೆಲುಗಲ್ಲಿ. ಅಲ್ಲಿಗೆ ಮುಗೀತು ಡಯಾಗ್ನೋಸಿಸ್ಸು.

ಆಮೇಲೆ ಟೈಲರ್ ಟೇಪು ತಂದ. ಇದನ್ನ ಯಾರ್ ಬೇಕಾದ್ರೂ ಮನೇಲೇ ಮಾಡ್ಬೋದು, ಅದಕ್ಕೇ ಪೂರ್ತಿ ಬರೀತೀನಿ. ಗಾಡಿ ಎತ್ತಿ ಹಿಂದಿನ ಚಕ್ರ ನೆಲ ಬಿಟ್ಟು ನೇತಾಡೋ ತರ ನಿಲ್ಲಿಸ್ಬೇಕು, ಆಕ್ಸಲ್‌ನಿಂದ ನೇರ ಮೇಲೆ ಸೀಟಿನ ಕೆಳಗೆ ಒಂದು ಗುರುತು ಹಾಕ್ಕೊಂಡು ಅಳಿಬೇಕು. ನಂದು 560 ಮಿಲಿಮೀಟರ್ ಬಂತು. ಆಮೇಲೆ ಚಕ್ರ ನೆಲಕ್ಕೆ ಬಿಟ್ಟು, ಯಾರೂ ಕೂರದೆ, ಗಾಡಿ ನೇರ ಹಿಡ್ಕೊಂಡು ಅಳತೆ. 543. ಅಂದ್ರೆ ಗಾಡಿ ತನ್ನ ತೂಕಕ್ಕೇ 17 ಕುಸಿದೈತೆ, ಅದು ಸರಿ. ಆಮೇಲೆ ನಾನು ಬೂಟು ಹೆಲ್ಮೆಟ್ಟು ಸಮೇತ ಓಡಿಸೋ ತರಾನೇ ಕೂತ್ಕೊಂಡೆ, ಮುಂದೆ ಒಬ್ಬ ಹ್ಯಾಂಡಲ್ ಹಿಡ್ಕೊಂಡ. 482. ನಾನ್ ಕೂತ್ರೆ 78 ಕುಸಿತ. ಈ ಗಾಡಿ ಹಿಂದಿನ ಟ್ರಾವಲ್ಲೇ (ಚಕ್ರ ಮೇಲೆ ಕೆಳಗೆ ಆಡೋ ಜಾಗ) 170. ಅದ್ರಲ್ಲಿ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಕಮ್ಮಿ, ಅಂದ್ರೆ 50ರಿಂದ 55 ಕುಸೀಬೇಕು ಅಷ್ಟೇ. ನಂದು ಗಾಡಿ ಸ್ಟಾರ್ಟ್ ಮಾಡೋಕ್ ಮುಂಚೇನೇ ಅರ್ಧದ ಹತ್ತಿರ ಖಾಲಿ. ಹಿಂದೆ ಕುಸಿದ್ರೆ ಮುಂದಿನ ಫೋರ್ಕು (ಮುಂದಿನ ಚಕ್ರ ಹಿಡ್ಕೊಂಡಿರೋ ಎರಡು ಶಾಕ್ ಕೊಳವೆ) ಚಾಚ್ಕೊತೈತೆ, ಅದಕ್ಕೆ ತಿರುವಲ್ಲಿ ಹಿಡಿಯಲ್ಲ, ಅದಕ್ಕೆ ಏರಲ್ಲಿ ಚಕ್ರ ಏಳ್ತೈತೆ, ಅದಕ್ಕೆ ಲೈಟು ಮರಕ್ಕೆ. ಎಲ್ಲಾ ಒಂದೇ ರೋಗ.

ನಾನಂದೆ, ಪ್ರೀಲೋಡ್ ಟೈಟ್ ಮಾಡಪ್ಪಾ, ಹತ್ತು ಸ್ಟೆಪ್ ಕೊಟ್ಟವ್ರಲ್ಲ. ಅವ್ನು ನಕ್ಕೊಂಡು ಕೊನೇ ಸ್ಟೆಪ್‌ಗೆ ತಿರುಗ್ಸಿ ಮತ್ತೆ ಅಳ್ದ. ನಾನ್ ಕೂತ್ರೆ 66ಕ್ಕೆ ಬಂತು, ಆದ್ರೆ ನಾನ್ ಇಳಿದ್ರೆ ಗಾಡಿ ಬರೀ 6 ಕುಸೀತು. ಇಲ್ಲೇ ಪಾಯಿಂಟು ಇರೋದು. ಪ್ರೀಲೋಡ್ ಟೈಟ್ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗಲ್ಲ, ಮೊದ್ಲೇ ಒತ್ತಿ ಇಟ್ಟಂಗೆ ಅಷ್ಟೇ. ಆಳು ಕೂತಾಗ ಇನ್ನೂ ಜಾಸ್ತಿ ಕುಸಿತೈತೆ, ಆಳಿಲ್ಲದೆ ಗಾಡಿ ಕುಸಿಯೋದೇ ಇಲ್ಲ ಅಂದ್ರೆ ಸ್ಪ್ರಿಂಗ್ ಮೆತ್ತಗೈತೆ ಅಂತಾನೇ ಅರ್ಥ, ಬೇರೆ ಮಾತಿಲ್ಲ. ಇದು ಕಂಪನಿ ತಪ್ಪೂ ಅಲ್ಲ, ಇಂಥ ಗಾಡಿಗಳಿಗೆ ಸಾಮಾನ್ಯವಾಗಿ ಸ್ಪ್ರಿಂಗ್ ಹಾಕೋದು ಸಾಧಾರಣ ತೂಕದ ಆಳಿನ ಲೆಕ್ಕಕ್ಕೆ, ನನ್ನೊಬ್ಬನಿಗೆ ಅಂತ ಬೇರೆ ಮಾಡಿ ಇಡ್ತಾರಾ.

ಹೊಸ ಸ್ಪ್ರಿಂಗಿನ ವಿಷ್ಯದಲ್ಲಿ ಒಂದು ನಾಮ ಹಾಕಿಸ್ಕೊಂಡೆ, ಆನ್‌ಲೈನಲ್ಲಿ ಒಬ್ರ ಹತ್ರ "100 ಪ್ಲಸ್ ಕೇಜಿಗೆ" ಅಂತ ತರಿಸಿದ್ದು ಬಂದು ನೋಡಿದ್ರೆ ಹಳೇದಕ್ಕಿಂತ ಬಣ್ಣ ಮಾತ್ರ ಬೇರೆ. ನೀವು ತರಿಸೋದಾದ್ರೆ ಸ್ಪ್ರಿಂಗ್ ರೇಟ್ (ಎಷ್ಟು ಗಟ್ಟಿ ಅನ್ನೋದು, ಬೆಲೆ ಅಲ್ಲ) ಎಷ್ಟು ಅಂತ ನಂಬರ್ ಕೇಳಿ, ನಂಬರ್ ಹೇಳ್ದೆ "ಹೆವಿ ಡ್ಯೂಟಿ ಸಾರ್" ಅಂದ್ರೆ ಫೋನ್ ಇಟ್ಬಿಡಿ. ಎರಡನೇ ಸಲ ಸರಿಯಾದ್ದು ಸಿಕ್ತು, ಮುಂದಿನ ಫೋರ್ಕಿಗೂ ಒಂದು ಸೆಟ್ಟು ಹಾಕಿಸಿದೆ, ಆಯಿಲ್ಲು ಲೇಬರ್ರು ಎಲ್ಲ ಸೇರಿ ನನಗೆ 14 ಸಾವಿರ ಆಯ್ತು. ಫೋರ್ಕಿಗೆ ಬರೀ ದಪ್ಪ ಆಯಿಲ್ ಹಾಕಿಸಿದ್ರೆ ಸಾಕು ಅಂತ ಕೆಲವ್ರು ಹೇಳ್ತಾರೆ, ಅದು ಫೋರ್ಕ್ ಮೇಲೆ ಕೆಳಗೆ ಆಡೋ ಸ್ಪೀಡ್ ಕಮ್ಮಿ ಮಾಡ್ತೈತೆ, ತೂಕ ಹೊರಲ್ಲ. ಈಗ ಹಿಂದಿನ ಅಳತೆ: ಗಾಡಿ ಒಂದೇ ಇದ್ರೆ 15, ನಾನ್ ಕೂತ್ರೆ 54. ಆ ದಿನ ಮುಳಬಾಗಿಲಿಂದ ವಾಪಸ್ ಬರುವಾಗ ಬೇರೆ ಯಾರದೋ ಗಾಡಿ ಓಡಿಸಿದಂಗಾಯ್ತು. ಅದೇ 19.1 ಪಿಎಸ್ಸು. ತೇರಹಳ್ಳಿ ಏರಿನಲ್ಲಿ ಚಕ್ರ ಎದ್ದು ಆಕ್ಸಿಲೇಟರ್ ಬಿಡ್ತಿದ್ದ ಜಾಗದಲ್ಲಿ ಈಗ ಬಿಡೋದೇ ಬೇಡ, ಬಿಡ್ದೇ ಹೋದ್ರೆ ಪವರೂ ಸಾಕಾಗ್ತೈತೆ.

ಎರಡನೇ ಕೆಲ್ಸ ಚೈನ್ ಸ್ಪ್ರಾಕೆಟ್ಟು. ಈ ಇಂಜಿನ್‌ಗೆ ಟಾರ್ಕು 17.35 ಎನ್‌ಎಂ, ಅದೂ 6500 ಆರ್‌ಪಿಎಂನಲ್ಲಿ. ನಮ್ಮ ತೂಕಕ್ಕೆ ನಿಧಾನವಾಗಿ ಬಂಡೆ ಹತ್ತುವಾಗ ಅಷ್ಟು ಆರ್‌ಪಿಎಂ ಇರಲ್ಲ, ಕ್ಲಚ್ಚಲ್ಲೇ ಸವರಿಸ್ಕೊಂಡು ಹೋಗ್ಬೇಕು, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ನನಗೆ ಊದುಬತ್ತಿ ತರ ಅಭ್ಯಾಸ ಆಗಿತ್ತು. ಮುಂದಿನ ಸ್ಪ್ರಾಕೆಟ್ 13 ಹಲ್ಲಿಂದು ತೆಗೆದು 12 ಹಾಕಿಸಿದೆ. ಚಕ್ರಕ್ಕೆ ಸಿಗೋ ಎಳೆತ ಎಲ್ಲಾ ಗೇರಲ್ಲೂ ಸುಮಾರು 8 ಪರ್ಸೆಂಟ್ ಏರ್ತೈತೆ, ಹಿಂದಿನ ದೊಡ್ಡ ಸ್ಪ್ರಾಕೆಟ್‌ಗೆ ಮೂರು ಹಲ್ಲು ಸೇರಿಸಿದಷ್ಟೇ. ಖರ್ಚು ನೂರುಗಳ ಲೆಕ್ಕ. ಆರನೇ ಒಂದು ಪಾಲು ಹೋಗಿತ್ತಲ್ಲ, ಅದ್ರಲ್ಲಿ ಅರ್ಧ ಇಲ್ಲೇ ವಾಪಸ್ ಬಂತು ಅಂದ್ಕೊಳ್ಳಿ, ಆದ್ರೆ ಪುಕ್ಕಟೆ ಅಲ್ಲ, ಹೈವೇ ಸ್ಪೀಡಲ್ಲಿ ಅಷ್ಟೇ ಕಟ್ಟು.

ಟೈರ್ ಗಾಳಿ ಬಗ್ಗೆ ಒಂದು ಮಾತು. ಸಣ್ಣಗಿರೋ ಹುಡುಗ್ರು ಮಣ್ಣಲ್ಲಿ 15 ಪಿಎಸ್‌ಐಗೆ ಇಳಿಸ್ಕೊಂಡು ಓಡಿಸ್ತಾರೆ. ಟ್ಯೂಬ್ ಇರೋ ಗಾಡಿ, ನಾವು ಹಂಗೆ ಮಾಡಿದ್ರೆ ಕಲ್ಲಿಗೂ ರಿಮ್ಮಿಗೂ ಮಧ್ಯ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂಗೆ ಎರಡು ತೂತು. ನಾನು ಹಿಂದಿನ ಟೈರಲ್ಲಿ 22ಕ್ಕಿಂತ ಇಳಿಸಲ್ಲ.

200 ಎಲ್ಲಿ ಕೈ ಕೊಡ್ತೈತೆ ಅಂತಾನೂ ಹೇಳ್ಬೇಕು. ಎನ್‌ಎಚ್ 75ರಲ್ಲಿ ಹೊಸಕೋಟೆ ಕಡೆ ಹೋಗುವಾಗ 80ರವರೆಗೆ ಆರಾಮು, ಅದ್ರ ಮೇಲೆ ಇಂಜಿನ್ನು ಗೊಣಗ್ತೈತೆ, 12 ಹಲ್ಲು ಹಾಕಿದ್ಮೇಲೆ ಇನ್ನೂ ಜಾಸ್ತಿ, ಟ್ಯಾಂಕರ್ ಓವರ್‌ಟೇಕ್ ಮಾಡ್ಬೇಕಂದ್ರೆ ಮೊದ್ಲೇ ಮನಸ್ಸಲ್ಲಿ ಸಂಕಲ್ಪ ಮಾಡ್ಕೋಬೇಕು. ಎದುರು ಗಾಳಿ ಬಂದ್ರೆ ನನ್ನ ಎದೆಯೇ ಒಂದು ತೆರೆ ಕಟ್ಟಿದಂಗೆ. ಹೆಂಡ್ತಿ ಹಿಂದೆ ಕೂತು ಬಂಗಾರಪೇಟೆಗೆ ಪಾನಿಪುರಿ ತಿನ್ನೋಕೆ ಹೋದ್ರೆ ಪರ್ವಾಗಿಲ್ಲ, ಅದೇ ಇಬ್ರೂ ಸೇರಿ ತಿರುಪತಿಗೆ ಅಂದ್ರೆ ಪಲಮನೇರು ದಾಟಿದ ಮೇಲಿನ ಘಾಟಲ್ಲಿ ಬರುವಾಗ ಮೂರನೇ ಗೇರಲ್ಲೇ ಜಪ ಮಾಡ್ಕೊಂಡು ಬರ್ಬೇಕು. ನಿಮ್ಮ ಓಡಾಟ ಮುಕ್ಕಾಲು ಪಾಲು ಹೈವೇ, ಜೊತೆಗೆ ಹಿಂದೆ ಆಳು ಅಂದ್ರೆ ಶೋರೂಮ್ ಹುಡುಗ ಹೇಳಿದ್ದೇ ಸರಿ, 450 ತಗೊಳ್ಳಿ, ಬೀಳೋ ಜಾಗಕ್ಕೆ ಒಬ್ರೇ ಹೋಗ್ಬೇಡಿ ಅಷ್ಟೇ.

ನಮ್ಮ ಬಾಮೈದನ ಹತ್ರ ಹಳೇ ಹಿಮಾಲಯನ್ 411 ಐತೆ, 199 ಕೇಜಿ, ಪವರ್ 24 ಚಿಲ್ಲರೆ. ಪವರ್ ಲೆಕ್ಕ ಹಾಕಿದ್ರೆ ನಾನ್ ಕೂತಾಗ ಟನ್ನಿಗೆ 77, ನನ್ನ ಗಾಡಿಗಿಂತ ತುಂಬಾ ಏನ್ ಜಾಸ್ತಿ ಇಲ್ಲ. ಆದ್ರೆ ಟಾರ್ಕು 32 ಎನ್‌ಎಂ, ಅದೂ 4500 ಒಳಗೇ ಸಿಕ್ತೈತೆ, ಎತ್ತು ಎಳೆದಂಗೆ ಎಳೀತೈತೆ, ದಪ್ಪ ಇರೋರಿಗೆ ಓಡಿಸೋಕೆ ಸುಖ. "ಬಾವ, ಬದ್ಲಾಯಿಸ್ಕೊಳೋಣ್ವಾ" ಅಂತ ಅವ್ನೇ ಎರಡು ಸಲ ಕೇಳವ್ನೆ, ಎತ್ತೋದು ನೆನಪಾಗಿ ಬೇಡ ಅಂದೆ. ಇವಾಗ ಹೊಸದು ಬರಲ್ಲ, ಸೆಕೆಂಡ್ ಹ್ಯಾಂಡಲ್ಲಿ ನೋಡ್ಬೇಕು. ಕೆಎಲ್‌ಎಕ್ಸ್ 230 ಒಂದ್ಸಲ ಓಡಿಸಿದೀನಿ, ನನ್ನದಕ್ಕಿಂತ 19 ಕೇಜಿ ಹಗುರ, ಬಿದ್ರೆ ಒಂದೇ ಕೈಯಲ್ಲಿ ಎತ್ತಿದಂಗೆ ಅನ್ಸ್ತು, ಸ್ಪ್ರಿಂಗ್ ಹಾಕಿಸ್ಕೊಂಡು ಬರೀ ಮಣ್ಣಲ್ಲಿ ಓಡಿಸೋರಿಗೆ ಅದೇ ನನ್ನ ಮೊದಲ ಮಾತು. ನಾನಿವತ್ತು ಹೊಸದು ತಗೊಳೋದಾದ್ರೆ 2025ರಲ್ಲಿ ಬಂದ ಎಕ್ಸ್‌ಪಲ್ಸ್ 210 ನೋಡ್ತಿದ್ದೆ, 24.6 ಪಿಎಸ್ಸು, ತೂಕ 168, ಲೆಕ್ಕ ಹಾಕಿದ್ರೆ ನಾನು ಕೂತ್ರೂ ಟನ್ನಿಗೆ 87, ಅಂದ್ರೆ ಆ 65 ಕೇಜಿ ಹುಡುಗನಿಗೆ 200ರಲ್ಲಿ ಸಿಗ್ತಿದ್ದ ಪಿಕಪ್ಪು ನನಗೆ ಅದ್ರಲ್ಲಿ ಸಿಕ್ತೈತೆ. ರ‍್ಯಾಲಿ ತರದ್ದು 4ವಿ ಪ್ರೊ ಕೂಡ ಐತೆ, ಟ್ರಾವಲ್ಲು ಮುಂದೆ 250 ಹಿಂದೆ 220, ಆದ್ರೆ ಸೀಟ್ ಹೈಟು 891, ಕಾಲು ನೆಲಕ್ಕೆ ಸಿಗದೆ 115 ಕೇಜಿ ಒಂದು ಕಡೆ ವಾಲಿದ್ರೆ ನಿಲ್ಸೋರ್ಯಾರು.

ದುಡ್ಡಿನ ಲೆಕ್ಕದಲ್ಲೂ ಈಗ ಗೆರೆ ಬಿದ್ದೈತೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು, 350 ಮೇಲಿದ್ದಕ್ಕೆ 40 ಆಯ್ತು. ನಮ್ಮ ಹೊಟ್ಟೆ ನೋಡಿ ದೊಡ್ಡ ಸಿಸಿ ತಗೊಳೋದಾದ್ರೆ ಸರ್ಕಾರಕ್ಕೂ ಒಂದು ಪಾಲು ಜಾಸ್ತಿ ಅನ್ನೋದು ನೆನಪಿರ್ಲಿ. ಆ ಉಳಿಕೆ ದುಡ್ಡಲ್ಲಿ ಸ್ಪ್ರಿಂಗೂ ಬರ್ತೈತೆ, ಒಳ್ಳೇ ಬೂಟೂ ಬರ್ತೈತೆ, ಒಂದಿನ ಟ್ರೈನಿಂಗೂ ಆಗ್ತೈತೆ. 2015ರಲ್ಲಿ ಡಾಕರ್ ರ‍್ಯಾಲಿ (ದಿನಗಟ್ಟಲೆ ಕಲ್ಲು ಮರಳಲ್ಲಿ ಓಡಿಸೋ ದೊಡ್ಡ ರೇಸು) ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಅವ್ರ ಬಿಗ್ ರಾಕ್ ಡರ್ಟ್ ಪಾರ್ಕ್ ನಮ್ಮ ಕೋಲಾರ ಜಿಲ್ಲೆಯಲ್ಲೇ ಇರೋದು, ಬೆಂಗಳೂರಿಂದ ಜನ ಬಂದು ಕಲಿತ್ಕೊಂಡು ಹೋಗ್ತಾರೆ, ನಾವು ಇಲ್ಲೇ ಇದ್ಕೊಂಡು ಯೂಟ್ಯೂಬ್ ನೋಡ್ತೀವಿ. ನಿಂತ್ಕೊಂಡು ಓಡಿಸೋದು ಒಂದು ಕಲಿತ್ರೆ ಸಾಕು, ತೂಕ ಸೀಟ್ ಬಿಟ್ಟು ಫುಟ್‌ರೆಸ್ಟಿಗೆ ಇಳೀತೈತೆ, ನಿಮ್ಮ ಮಂಡಿಗಳೇ ಎರಡು ಎಕ್ಸ್‌ಟ್ರಾ ಶಾಕು ಆಗ್ತವೆ. ನನಗೆ ಮೊದಲ ದಿನ ಹತ್ತು ನಿಮಿಷಕ್ಕೆ ತೊಡೆ ನಡುಗ್ತು, ಈಗ ಅರ್ಧ ಗಂಟೆ ನಿಲ್ತೀನಿ.

ಎರಡು ವರ್ಷದಲ್ಲಿ ಬದಲಾಯಿಸಿದ್ದು ಕ್ಲಚ್ ಪ್ಲೇಟ್ ಒಂದು ಸೆಟ್ಟು, ಟ್ಯೂಬ್ ನಾಲ್ಕು, ಹಿಂದಿನ ಚಕ್ರದ ಕಡ್ಡಿ ಮೂರು. ಎಡಗಡೆ ಫೋರ್ಕ್ ಸೀಲಲ್ಲಿ ಹೋದ ವಾರದಿಂದ ಆಯಿಲ್ ಜಿನುಗ್ತೈತೆ, ಈ ಭಾನುವಾರ ಮತ್ತೆ ಮುಳಬಾಗಿಲಿಗೆ ಹೋಗ್ಬೇಕು. ಹೋದ್ರೆ ಮುಳಬಾಗಿಲು ದೋಸೆ ತಿನ್ದೆ ಬರೋಕಾಗಲ್ಲ, ಎರಡಕ್ಕೇ ನಿಲ್ಸಿ ಅಂತ ಮನೇಲಿ ಆರ್ಡರ್ ಆಗೈತೆ, ಯಾಕಂದ್ರೆ ನಿನ್ನೆ ಕಾಟಾ ಮೇಲೆ ನಿಂತಾಗ 109 ತೋರಿಸ್ತು.